ನೋಟಿನ ಮೇಲಿನ ಸಹಿ ಯಾರದು?

ಒಂದು ರೂಪಾಯಿಯ ನೋಟು ಈಗ ಕೈಗೆ ಸಿಗುವುದೇ ಅಪರೂಪ. ಮದುವೆ ಮನೆಯ ಉಡುಗೊರೆ ಲಕೋಟೆಯಲ್ಲೋ ಹಳೆಯ ಪುಸ್ತಕದ ನಡುವೆಯೋ ಎಲ್ಲಾದರೂ ಸಿಕ್ಕಿದರೆ ಅದನ್ನು ಹತ್ತು ರೂಪಾಯಿಯ ನೋಟಿನ ಪಕ್ಕದಲ್ಲಿಟ್ಟು ನೋಡಿ. ಹತ್ತರ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಹೆಸರಿದೆ. ಈ ನೋಟನ್ನು ತಂದವರಿಗೆ ಹತ್ತು ರೂಪಾಯಿ ಕೊಡುತ್ತೇನೆ ಎಂಬ ವಚನವಿದೆ. ಅದರ ಕೆಳಗೆ ಗವರ್ನರರ ಸಹಿ. ಒಂದು ರೂಪಾಯಿಯ ನೋಟಿನ ಮೇಲೆ ಇದಾವುದೂ ಇಲ್ಲ. ಅಲ್ಲಿರುವುದು ಭಾರತ ಸರ್ಕಾರದ ಹೆಸರು ಮತ್ತು ಹಣಕಾಸು ಕಾರ್ಯದರ್ಶಿಯ ಸಹಿ. ಕಾನೂನಿನ ಕಣ್ಣಿನಲ್ಲಿ ಅದು ನೋಟೇ ಅಲ್ಲ, ಕಾಗದದ ಮೇಲೆ ಅಚ್ಚಾದ ನಾಣ್ಯ. ನಾಣ್ಯ ಸರ್ಕಾರದ್ದು, ನೋಟು ಬ್ಯಾಂಕಿನದು ಎಂಬುದು ವ್ಯವಸ್ಥೆ.

ಸರ್ಕಾರವೇ ಎಲ್ಲ ನೋಟುಗಳನ್ನೂ ಅಚ್ಚು ಹಾಕಿ ಸಹಿ ಮಾಡಬಹುದಿತ್ತಲ್ಲ, ನಡುವೆ ಬ್ಯಾಂಕು ಏಕೆ ಬೇಕಾಯಿತು? ಉತ್ತರ ಸರಳ. ಖರ್ಚು ಮಾಡುವವನ ಕೈಯಲ್ಲೇ ಅಚ್ಚಿನ ಯಂತ್ರವಿದ್ದರೆ ಆತ ಅದನ್ನು ನಿಲ್ಲಿಸುವುದಿಲ್ಲ. ಯಂತ್ರ ನಿಲ್ಲದಿದ್ದರೆ ಅಕ್ಕಿ, ಎಣ್ಣೆ, ಬಟ್ಟೆಯ ಬೆಲೆ ಏರುತ್ತದೆ. ಜಮೀನು, ಚಿನ್ನ ಇದ್ದವರು ಹೇಗೋ ಬದುಕಿಕೊಳ್ಳುತ್ತಾರೆ. ದಿನಗೂಲಿಯವನ ಹಣ ಅವನ ಕೈಯಲ್ಲೇ ಕರಗುತ್ತದೆ. ಆದ್ದರಿಂದ ಸರ್ಕಾರಕ್ಕೂ ಅಚ್ಚಿನ ಯಂತ್ರಕ್ಕೂ ನಡುವೆ ಒಬ್ಬ ಕಾವಲುಗಾರ ಇರಬೇಕು ಎಂಬುದು ಕೇಂದ್ರ ಬ್ಯಾಂಕಿನ ಹಿಂದಿರುವ ವಿಚಾರ. ಆದರೆ ಆ ಕಾವಲುಗಾರನನ್ನು ನೇಮಿಸುವವರು ಯಾರು, ತೆಗೆಯುವವರು ಯಾರು, ಆತ ಯಾರ ಮಾತು ಕೇಳಬೇಕು? ನಮ್ಮ ರಿಸರ್ವ್ ಬ್ಯಾಂಕಿನ ಒಂಬತ್ತು ದಶಕಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ತಲೆ ಎತ್ತಿದ್ದು ಇದೇ ಪ್ರಶ್ನೆ.

ಬ್ರಿಟಿಷ್ ಭಾರತದಲ್ಲಿ 1861ರ ಕಾನೂನಿನ ನಂತರ ನೋಟುಗಳನ್ನು ಹೊರಡಿಸುತ್ತಿದ್ದದ್ದು ಸರ್ಕಾರವೇ. ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಒಂದೊಂದು ಪ್ರೆಸಿಡೆನ್ಸಿ ಬ್ಯಾಂಕ್ ಇದ್ದವು. 1921ರಲ್ಲಿ ಈ ಮೂರೂ ಸೇರಿ ಇಂಪೀರಿಯಲ್ ಬ್ಯಾಂಕ್ ಆಯಿತು. (ಇಂದಿನ ಸ್ಟೇಟ್ ಬ್ಯಾಂಕಿನ ಪೂರ್ವಜ ಇದೇ.) ಆದರೆ ಸಂಕಟಕ್ಕೆ ಸಿಕ್ಕ ಬ್ಯಾಂಕುಗಳನ್ನು ಎತ್ತಿಹಿಡಿಯುವ ಹೊಣೆ ಯಾರ ಮೇಲೂ ಇರಲಿಲ್ಲ. ಅದರ ಪರಿಣಾಮ ಏನೆಂಬುದನ್ನು ನಮ್ಮ ದಕ್ಷಿಣದ ಜನ ಕಣ್ಣಾರೆ ಕಂಡಿದ್ದರು. 1906ರ ಅಕ್ಟೋಬರಿನಲ್ಲಿ ಮದರಾಸಿನ ಅರ್ಬುತ್‌ನಾಟ್ ಕಂಪನಿ ಬಾಗಿಲು ಹಾಕಿದಾಗ ನಿವೃತ್ತ ನೌಕರರು, ವಿಧವೆಯರು, ಸಣ್ಣ ವ್ಯಾಪಾರಿಗಳು ಇಟ್ಟ ಹಣವೆಲ್ಲ ಮುಳುಗಿತು. ಅದೇ 1906ರಲ್ಲಿ ಅದೇ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಎರಡು ಬ್ಯಾಂಕುಗಳು ಹುಟ್ಟಿದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಊರಿನ ಇತರ ಹಿರಿಯರೊಂದಿಗೆ ಕಟ್ಟಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಒಂದು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಅದು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗಿ ಹೋಯಿತು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಆರಂಭಿಸಿದ ನಿಧಿ ಇನ್ನೊಂದು. ಅದು ಇಂದಿನ ಕೆನರಾ ಬ್ಯಾಂಕ್. ಊರಿನವರ ನಂಬಿಕೆಯ ಹೊರತು ಇವುಗಳ ಬೆನ್ನಿಗೆ ಬೇರೆ ಯಾವ ಆಸರೆಯೂ ಇರಲಿಲ್ಲ. 1913ರಿಂದ ನಾಲ್ಕೈದು ವರ್ಷ ಲಾಹೋರಿನ ಪೀಪಲ್ಸ್ ಬ್ಯಾಂಕ್ ಮೊದಲ್ಗೊಂಡು ಅನೇಕ ಸ್ವದೇಶಿ ಬ್ಯಾಂಕುಗಳು ಒಂದರ ಮೇಲೊಂದು ಕುಸಿದಾಗಲೂ ಕೈಹಿಡಿಯುವವರು ಇರಲಿಲ್ಲ.

1926ರಲ್ಲಿ ಹಿಲ್ಟನ್ ಯಂಗ್ ಆಯೋಗ ಭಾರತಕ್ಕೊಂದು ರಿಸರ್ವ್ ಬ್ಯಾಂಕ್ ಬೇಕೆಂದು ಶಿಫಾರಸು ಮಾಡಿತು. ಮರುವರ್ಷವೇ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಬಂತು. ಬಂದ ಕೂಡಲೇ ಜಗಳ ಶುರುವಾಯಿತು. ಬ್ಯಾಂಕು ಖಾಸಗಿ ಷೇರುದಾರರದ್ದಾಗಿರಬೇಕು, ರಾಜಕೀಯದ ಗಾಳಿ ಅದಕ್ಕೆ ತಾಗಬಾರದು ಎಂಬುದು ಸರ್ಕಾರದ ವಾದ. ಷೇರುದಾರರೆಂದರೆ ಯಾರು? ದೊಡ್ಡ ಬಂಡವಾಳಗಾರರು, ಅದರಲ್ಲೂ ಯುರೋಪಿಯನ್ನರು. ಅವರ ಕೈಗೆ ದೇಶದ ಹಣ ಒಪ್ಪಿಸುವುದಕ್ಕಿಂತ ಅದು ಸರ್ಕಾರಿ ಬ್ಯಾಂಕೇ ಆಗಲಿ, ಅದರ ಆಡಳಿತ ಮಂಡಳಿಯಲ್ಲಿ ಜನಪ್ರತಿನಿಧಿಗಳಿರಲಿ ಎಂಬುದು ಭಾರತೀಯ ಸದಸ್ಯರ ಪಟ್ಟು. ರಾಜಕೀಯ ಬೇಡ ಎಂದ ಬ್ರಿಟಿಷರಿಗೆ ಬೇಡವಾಗಿದ್ದದ್ದು ಭಾರತೀಯರ ರಾಜಕೀಯ. ಲಂಡನ್ನಿನ ರಾಜಕೀಯಕ್ಕೆ ಬಾಗಿಲು ತೆರೆದೇ ಇತ್ತು. ಮಸೂದೆ ಬಿದ್ದುಹೋಯಿತು. 1928ರಲ್ಲಿ ಮತ್ತೆ ತಂದರೂ ಆಗಲಿಲ್ಲ.

ಅದು ಮರುಜೀವ ಪಡೆದದ್ದು 1933ರಲ್ಲಿ. ಭಾರತೀಯ ಮಂತ್ರಿಗಳಿಗೆ ಹಣಕಾಸಿನ ಅಧಿಕಾರ ಕೊಡುವುದಾದರೆ ಅದಕ್ಕೆ ಮೊದಲು ರಾಜಕೀಯ ಪ್ರಭಾವದಿಂದ ದೂರವಿರುವ ರಿಸರ್ವ್ ಬ್ಯಾಂಕ್ ಇರಬೇಕು ಎಂದು ಬ್ರಿಟನ್ ಷರತ್ತು ಹಾಕಿತು. 1934ರ ಮಾರ್ಚ್ 6ರಂದು ಕಾಯಿದೆಗೆ ಅಂಕಿತ ಬಿತ್ತು. 1935ರ ಏಪ್ರಿಲ್ 1ರಿಂದ ಬ್ಯಾಂಕು ಕೆಲಸ ಆರಂಭಿಸಿತು. ಬಂಡವಾಳ 5 ಕೋಟಿ ರೂಪಾಯಿ, ತಲಾ 100 ರೂಪಾಯಿಯ ಷೇರುಗಳು. ಮೊದಲು ಕಲ್ಕತ್ತದಲ್ಲಿದ್ದ ಕೇಂದ್ರ ಕಚೇರಿ 1937ರಲ್ಲಿ ಬೊಂಬಾಯಿಗೆ ಬಂತು. ಆಗ ಬರ್ಮಾ ಕೂಡ ಇದರ ವ್ಯಾಪ್ತಿಯಲ್ಲಿತ್ತು, ರಂಗೂನಿನಲ್ಲೂ ಒಂದು ಕಚೇರಿ ಇತ್ತು.

ಮೊದಲ ಗವರ್ನರ್ ಸರ್ ಆಸ್ಬರ್ನ್ ಸ್ಮಿತ್, ಆಸ್ಟ್ರೇಲಿಯಾ ಮೂಲದವರು. ಬಡ್ಡಿದರ ಮತ್ತು ರೂಪಾಯಿಯ ವಿನಿಮಯ ದರದ ವಿಷಯದಲ್ಲಿ ಅವರಿಗೂ ವೈಸರಾಯಿಯ ಹಣಕಾಸು ಸದಸ್ಯ ಜೇಮ್ಸ್ ಗ್ರಿಗ್‌ಗೂ ಹೊಂದಲಿಲ್ಲ. ಅವಧಿ ಮುಗಿಯುವ ಮುನ್ನವೇ ರಾಜೀನಾಮೆ ಕೊಟ್ಟು 1937ರಲ್ಲಿ ಹೊರಟುಹೋದರು. ರಿಸರ್ವ್ ಬ್ಯಾಂಕಿನ ಹೆಸರಿನ ಮೊದಲ ನೋಟು ಹೊರಬಂದದ್ದು 1938ರಲ್ಲಿ, ಎರಡನೆಯ ಗವರ್ನರ್ ಜೇಮ್ಸ್ ಟೇಲರ್ ಅವರ ಸಹಿಯೊಂದಿಗೆ. ಹಾಗಾಗಿ ಮೊದಲ ಗವರ್ನರರ ಸಹಿ ಯಾವ ನೋಟಿನ ಮೇಲೂ ಇಲ್ಲ. ಸರ್ಕಾರದೊಂದಿಗೆ ಜಗಳವಾಡಿ ಗವರ್ನರ್ ಮನೆಗೆ ಹೋಗುವ ಪರಂಪರೆ ನೋಟಿಗಿಂತಲೂ ಹಳೆಯದು!

ಕಾಯಿದೆಯಲ್ಲಿ ಒಂದು ಕಟ್ಟುಪಾಡಿತ್ತು. ಹೊರಡಿಸಿದ ನೋಟುಗಳ ಬೆನ್ನಿಗೆ ಇರುವ ಆಸ್ತಿಯಲ್ಲಿ ಐದರಲ್ಲಿ ಎರಡು ಪಾಲು ಚಿನ್ನ ಅಥವಾ ಬ್ರಿಟಿಷ್ ಸ್ಟರ್ಲಿಂಗ್ ಸಾಲಪತ್ರಗಳಾಗಿರಬೇಕು ಎಂದು. ಕೇಳುವುದಕ್ಕೆ ಭದ್ರವಾದ ಬೇಲಿ. ಆದರೆ ‘ಅಥವಾ’ ಎಂಬ ಆ ಒಂದು ಪದದಲ್ಲಿ ಎಷ್ಟು ದೊಡ್ಡ ಕಿಂಡಿ ಇತ್ತೆಂಬುದು ಎರಡನೆಯ ಮಹಾಯುದ್ಧದಲ್ಲಿ ತಿಳಿಯಿತು. ಬ್ರಿಟನ್ ತನ್ನ ಸೈನ್ಯಕ್ಕಾಗಿ ಇಲ್ಲಿಂದ ಧಾನ್ಯ, ಬಟ್ಟೆ, ಮರಮುಟ್ಟು, ಚರ್ಮ ಕೊಂಡುಕೊಂಡಿತು. ಅದರ ಬೆಲೆಯನ್ನು ಲಂಡನ್ನಿನಲ್ಲಿ ರಿಸರ್ವ್ ಬ್ಯಾಂಕಿನ ಖಾತೆಗೆ ಪೌಂಡಿನ ಲೆಕ್ಕದಲ್ಲಿ ಬರೆಯುತ್ತ ಹೋಯಿತು. ಆ ಬರಹವೇ ಇಲ್ಲಿ ನೋಟಿನ ಆಧಾರವಾಯಿತು. ಅದರ ಮೇಲೆ ರೂಪಾಯಿ ಅಚ್ಚಾದವು. ವಸ್ತುಗಳು ಹಡಗು ಹತ್ತಿ ಹೋದವು, ಊರಲ್ಲಿ ಉಳಿದದ್ದು ಕಾಗದ. ಯುದ್ಧ ಮುಗಿಯುವ ಹೊತ್ತಿಗೆ ಚಲಾವಣೆಯಲ್ಲಿದ್ದ ನೋಟು 1939ರಲ್ಲಿದ್ದದ್ದರ ಆರು ಪಟ್ಟಿನಷ್ಟಾಗಿತ್ತು. ಬ್ರಿಟನ್ ನಮಗೆ ಕೊಡಬೇಕಾದ ಬಾಕಿ 1,700 ಕೋಟಿ ರೂಪಾಯಿ ದಾಟಿತ್ತು. ಬಂಗಾಳದಲ್ಲಿ 1943ರಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆ ಕ್ಷಾಮಕ್ಕೆ ಕಾರಣಗಳು ಹಲವು, ಆದರೆ ಏರಿದ ಬೆಲೆಯ ಅಕ್ಕಿಯನ್ನು ಕೊಳ್ಳಲಾಗದೆ ಸತ್ತವರ ಲೆಕ್ಕದಲ್ಲಿ ಈ ನೋಟಿನ ಯಂತ್ರದ ಪಾಲೂ ಇದೆ. ಕಾವಲುಗಾರ ಮಲಗಿರಲಿಲ್ಲ, ಕಾನೂನಿನ ಪ್ರಕಾರವೇ ಬಾಗಿಲು ತೆರೆದಿದ್ದ. ಅದೇ ವರ್ಷದ ಆಗಸ್ಟಿನಲ್ಲಿ ಚಿಂತಾಮಣ್ ದ್ವಾರಕಾನಾಥ ದೇಶಮುಖರು ಗವರ್ನರ್ ಆದರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಭಾರತೀಯ. 1944ರಲ್ಲಿ ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ಹೋದ ಭಾರತದ ತಂಡದಲ್ಲಿ ಅವರೂ ಇದ್ದರು. ಸ್ಟರ್ಲಿಂಗ್ ಬಾಕಿಯ ಪ್ರಶ್ನೆಯನ್ನು ತಂಡ ಅಲ್ಲಿ ಎತ್ತಿತಾದರೂ ಬ್ರಿಟನ್ ಅದನ್ನು ಸಮ್ಮೇಳನದ ವಿಷಯವಾಗಲು ಬಿಡಲಿಲ್ಲ.

ದೇಶ ವಿಭಜನೆಯಾದಾಗ ಎಲ್ಲವೂ ಹಂಚಿಕೆಯಾಯಿತು. ಸೈನ್ಯ, ರೈಲು, ಕಡತ, ಕಚೇರಿಯ ಮೇಜು ಕುರ್ಚಿ ಎಲ್ಲ. ಆದರೆ ನೋಟನ್ನು ರಾತ್ರೋರಾತ್ರಿ ಹಂಚಲು ಸಾಧ್ಯವಿರಲಿಲ್ಲ. ಹೊಸ ದೇಶದಲ್ಲಿ ನೋಟು ಅಚ್ಚು ಹಾಕುವ ಮುದ್ರಣಾಲಯವಿಲ್ಲ, ಕೇಂದ್ರ ಬ್ಯಾಂಕ್ ನಡೆಸುವ ಸಿಬ್ಬಂದಿ ಸಾಲದು. ಹೀಗಾಗಿ 1948ರ ಸೆಪ್ಟೆಂಬರ್ 30ರವರೆಗೆ ಎರಡೂ ದೇಶಗಳಿಗೆ ರಿಸರ್ವ್ ಬ್ಯಾಂಕೇ ಕೇಂದ್ರ ಬ್ಯಾಂಕು ಎಂದು 1947ರ ಆಗಸ್ಟ್ 14ರ ಆದೇಶ ಹೇಳಿತು. ಗಡಿಯಲ್ಲಿ ನೆತ್ತರು ಹರಿಯುತ್ತಿದ್ದಾಗ, ಕಾಶ್ಮೀರದಲ್ಲಿ ಎರಡೂ ಕಡೆಯ ಸೈನಿಕರು ಹೋರಾಡುತ್ತಿದ್ದಾಗ, ಇಬ್ಬರ ಖಜಾನೆಯ ಲೆಕ್ಕವನ್ನೂ ಬೊಂಬಾಯಿಯ ಒಂದೇ ಕಚೇರಿ ಬರೆಯುತ್ತಿತ್ತು. ಲೋಕದ ಚರಿತ್ರೆಯಲ್ಲಿ ಇಂಥ ಉದಾಹರಣೆಗಳು ಹೆಚ್ಚು ಸಿಗಲಾರವು.

1948ರ ಏಪ್ರಿಲಿನಿಂದ ಪಾಕಿಸ್ತಾನಕ್ಕೆಂದು ಬೇರೆ ನೋಟುಗಳು ಬಂದವು. ಬೇರೆ ಎಂದರೆ ಎಷ್ಟು ಬೇರೆ? ನಾಸಿಕದಲ್ಲಿ ಅಚ್ಚಾದ ಅದೇ ನೋಟು, ಅದರ ಮೇಲೆ ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ ಪಾಕಿಸ್ತಾನ ಸರ್ಕಾರ ಎಂಬ ಹೆಚ್ಚುವರಿ ಅಕ್ಷರಗಳು. ಚಿತ್ರ ಆರನೆಯ ಜಾರ್ಜ್ ದೊರೆಯದ್ದು, ಬ್ಯಾಂಕಿನ ಹೆಸರು ರಿಸರ್ವ್ ಬ್ಯಾಂಕ್ ಆಫ್ ಇಂಡಿಯಾ, ಸಹಿ ದೇಶಮುಖರದು, ದೇಶ ಪಾಕಿಸ್ತಾನ! ಕರಾಚಿಯ ತರಕಾರಿ ಮಾರುವವನು ಈ ನೋಟನ್ನು ತೆಗೆದುಕೊಂಡು ಚಿಲ್ಲರೆ ಕೊಡುತ್ತಿದ್ದ.

ಈ ಕೂಡು ಸಂಸಾರದ ನಡುವೆಯೇ 55 ಕೋಟಿಯ ಪ್ರಕರಣ ನಡೆಯಿತು. ಅವಿಭಜಿತ ಸರ್ಕಾರದ ನಗದು ಶಿಲ್ಕಿನಲ್ಲಿ ಪಾಕಿಸ್ತಾನದ ಪಾಲು 75 ಕೋಟಿ ಎಂದು ಒಪ್ಪಂದವಾಗಿತ್ತು. 20 ಕೋಟಿ ಆರಂಭದಲ್ಲೇ ಸಂದಿತ್ತು. ಉಳಿದ 55 ಕೋಟಿಯನ್ನು ಕಾಶ್ಮೀರದ ಯುದ್ಧ ಮುಗಿಯುವವರೆಗೆ ಕೊಡಬಾರದೆಂದು ದಿಲ್ಲಿ ತಡೆಹಿಡಿಯಿತು. ಆ ಹಣ ಎಲ್ಲಿತ್ತು? ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಒಂದು ಸಾಲು ಬರೆದರೆ ಮುಗಿಯಿತು. ಇಬ್ಬರ ಬ್ಯಾಂಕರನೂ ತಾನೇ. ಆದರೆ ಭಾರತ ಸರ್ಕಾರದ ಆದೇಶವಿಲ್ಲದೆ ಆ ಸಾಲನ್ನು ಬರೆಯುವ ಅಧಿಕಾರ ಅದಕ್ಕಿರಲಿಲ್ಲ. ಇಬ್ಬರಿಗೂ ಸಮಾನವಾದ ಬ್ಯಾಂಕು ಎಂದು ಕಾಗದದಲ್ಲಿತ್ತು, ಕಷ್ಟದ ಹೊತ್ತಿನಲ್ಲಿ ಅದು ಒಬ್ಬರದ್ದೇ ಎಂದು ಕರಾಚಿ ದೂರಿತು. ದೂರಿನಲ್ಲಿ ಅರ್ಧ ಸತ್ಯವಿತ್ತು. ದೇಶಮುಖರ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಎರಡು ಸರ್ಕಾರಗಳು ಹೊಡೆದಾಡುವಾಗ ಒಂದು ಬ್ಯಾಂಕು ಇಬ್ಬರ ನಂಬಿಕೆಯನ್ನೂ ಉಳಿಸಿಕೊಳ್ಳಲಾರದು.

1948ರ ಜನವರಿ 13ರಂದು ಗಾಂಧೀಜಿ ಉಪವಾಸ ಕುಳಿತರು. 15ರಂದು ಮಂತ್ರಿಮಂಡಲ ಹಣ ಕೊಡಲು ನಿರ್ಧರಿಸಿತು. ಅಂದಿನಿಂದ ಇಂದಿನವರೆಗೆ ಆ ಉಪವಾಸವನ್ನು 55 ಕೋಟಿಯ ಉಪವಾಸ ಎಂದೇ ಕೆಲವರು ಹೇಳುತ್ತ ಬಂದಿದ್ದಾರೆ, ಗಾಂಧಿಯ ಕೊಲೆಗೆ ಸಮರ್ಥನೆಯನ್ನೂ ಅದರಲ್ಲೇ ಹುಡುಕುತ್ತಾರೆ. ಆದರೆ ಹಣ ಕೊಡುವ ನಿರ್ಧಾರ ಆದ ಮೇಲೂ ಉಪವಾಸ ಮೂರು ದಿನ ಮುಂದುವರಿಯಿತು. 18ರಂದು ಅದು ನಿಂತದ್ದು ದಿಲ್ಲಿಯ ಮುಖಂಡರು ಬರೆದುಕೊಟ್ಟ ಪ್ರತಿಜ್ಞೆಯ ಮೇಲೆ. ದಿಲ್ಲಿಯ ಮುಸ್ಲಿಮರು ನಿರ್ಭಯವಾಗಿ ಓಡಾಡಬೇಕು, ವಶಪಡಿಸಿಕೊಂಡ ಮಸೀದಿಗಳನ್ನು ಬಿಟ್ಟುಕೊಡಬೇಕು, ಮೆಹ್ರೋಲಿಯ ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿ ದರ್ಗಾದ ಉರುಸು ಎಂದಿನಂತೆ ನಡೆಯಬೇಕು ಎಂಬಂಥ ಮಾತುಗಳು ಅದರಲ್ಲಿದ್ದವು. 55 ಕೋಟಿಯ ಮಾತು ಅದರಲ್ಲಿ ಇರಲಿಲ್ಲ. 27ರಂದು ಗಾಂಧೀಜಿ ಆ ಉರುಸಿಗೆ ಹೋಗಿ ಬಂದರು. 30ರಂದು ಅವರ ಹತ್ಯೆಯಾಯಿತು.

ಇಷ್ಟಾದ ಮೇಲೆ ಸೆಪ್ಟೆಂಬರಿನವರೆಗೆ ಕಾಯುವ ಮನಸ್ಸು ಯಾರಿಗೂ ಇರಲಿಲ್ಲ. ಜೂನ್ 30ಕ್ಕೆ ಸಂಬಂಧ ಮುಗಿಸಿದರು. ಜುಲೈ 1ರಂದು ಕರಾಚಿಯಲ್ಲಿ ಜಿನ್ನಾ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನವನ್ನು ಉದ್ಘಾಟಿಸಿದರು. ದಿಲ್ಲಿಯಲ್ಲಿ ಪಾಕಿಸ್ತಾನದ ಹೈಕಮಿಷನರ್ ಆಗಿದ್ದ ಜಾಹಿದ್ ಹುಸೇನ್ ಅದರ ಮೊದಲ ಗವರ್ನರ್. ಇಸ್ಲಾಮಿನ ಆದರ್ಶಗಳಿಗೆ ಹೊಂದುವ ಬ್ಯಾಂಕಿಂಗ್ ಪದ್ಧತಿಯ ಬಗ್ಗೆ ಸಂಶೋಧನೆ ನಡೆಯಬೇಕೆಂದು ಜಿನ್ನಾ ಅಂದು ಹೇಳಿದರು. ಆದರೆ ಆ ಬ್ಯಾಂಕು ನಡೆದದ್ದು ಮಾತ್ರ ಬೊಂಬಾಯಿಯ ಅಚ್ಚಿನಲ್ಲೇ, ಬಡ್ಡಿಯ ದರ ನಿಗದಿ ಮಾಡುತ್ತ. ಆಸ್ತಿ ಹಂಚಿಕೆಯ ಜಗಳ ಪೂರ್ತಿ ತೀರಲೇ ಇಲ್ಲ. ರಿಸರ್ವ್ ಬ್ಯಾಂಕಿನಲ್ಲಿರುವ ತಮ್ಮ ಆಸ್ತಿ ಎಂಬ ಬಾಬತ್ತನ್ನು ಪಾಕಿಸ್ತಾನದ ಕೇಂದ್ರ ಬ್ಯಾಂಕು ದಶಕಗಳ ನಂತರವೂ ತನ್ನ ವಾರ್ಷಿಕ ಲೆಕ್ಕಪತ್ರದಲ್ಲಿ ತೋರಿಸುತ್ತಲೇ ಬಂದಿದೆ. ಅದರಲ್ಲಿ ಚಿನ್ನವೂ ಸೇರಿದೆ.

ಅಂದ ಹಾಗೆ, ಒಂದು ದೇಶ ಒಂದು ನೋಟು ಎಂಬುದು ಆಗ ನಮ್ಮಲ್ಲೂ ಪೂರ್ತಿ ಆಗಿರಲಿಲ್ಲ. ಕಲಬುರ್ಗಿ, ಬೀದರ್, ರಾಯಚೂರಿನ ಹಿರಿಯರಿಗೆ ಹಾಲಿ ಸಿಕ್ಕಾ ಮತ್ತು ಕಲ್ದಾರ್ ಎಂಬ ಎರಡು ಲೆಕ್ಕಗಳು ಗೊತ್ತಿದ್ದವು. ನಿಜಾಮರ 7 ರೂಪಾಯಿಗೆ ಬ್ರಿಟಿಷರ 6. ಆ ಹಣ ನೋಡಿಕೊಳ್ಳಲು 1941ರಲ್ಲಿ ಹುಟ್ಟಿದ್ದ ಹೈದರಾಬಾದ್ ಸ್ಟೇಟ್ ಬ್ಯಾಂಕೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ಸಿಕ್ಕಾ ಅದಕ್ಕೆ ಎಷ್ಟೋ ಮೊದಲೇ, 1950ರ ದಶಕದಲ್ಲಿ, ಚಲಾವಣೆಯಿಂದ ಮರೆಯಾಗಿತ್ತು.

ಕರಾಚಿಯಲ್ಲಿ ನಿಂತುಹೋದ ಗವರ್ನರರ ಸಹಿ ಅರಬ್ಬೀ ಸಮುದ್ರದ ಆಚೆ ದಡದಲ್ಲಿ ಇನ್ನೂ ನಡೆಯುತ್ತಿತ್ತು. ಕುವೈತ್, ಬಹ್ರೇನ್, ಕತಾರ್, ದುಬೈ, ಮಸ್ಕತ್‌ಗಳಲ್ಲಿ ದಿನನಿತ್ಯದ ಹಣ ನಮ್ಮ ರೂಪಾಯಿಯೇ. ಮುತ್ತು, ಖರ್ಜೂರ, ಬಟ್ಟೆಯ ವ್ಯಾಪಾರದ ಜೊತೆಗೆ ಹಿಂದಿನಿಂದ ಬಂದ ರೂಢಿ ಅದು. ಈ ರೂಢಿಯಿಂದ ರಿಸರ್ವ್ ಬ್ಯಾಂಕಿಗೆ ತಲೆನೋವು ಶುರುವಾಯಿತು. ಭಾರತದಲ್ಲಿ ಚಿನ್ನದ ಬೆಲೆ ಹೊರಗಿಗಿಂತ ಬಹಳ ಹೆಚ್ಚು, ಆಮದಿಗೆ ನಿರ್ಬಂಧ. ಕಳ್ಳಸಾಗಣೆದಾರರು ಇಲ್ಲಿಂದ ನೋಟಿನ ಕಟ್ಟುಗಳನ್ನು ದೋಣಿಯಲ್ಲಿ ಒಯ್ದು ಅಲ್ಲಿ ಚಿನ್ನ ಕೊಳ್ಳುತ್ತಿದ್ದರು. ಆ ನೋಟುಗಳು ಅಲ್ಲಿಯ ಬ್ಯಾಂಕುಗಳ ಮೂಲಕ ಬೊಂಬಾಯಿಗೆ ವಾಪಸು ಬಂದಾಗ, ಕೊಟ್ಟ ವಚನದಂತೆ ರಿಸರ್ವ್ ಬ್ಯಾಂಕ್ ಅವಕ್ಕೆ ಪೌಂಡ್ ಕೊಡಬೇಕಾಗುತ್ತಿತ್ತು. ದೇಶದ ವಿದೇಶಿ ವಿನಿಮಯ ಹೀಗೆ ಸೋರಿಹೋಗುತ್ತಿತ್ತು. 1959ರಲ್ಲಿ ಕಾಯಿದೆ ತಿದ್ದಿ ಕೊಲ್ಲಿಗೆಂದೇ ಬೇರೆ ಬಣ್ಣದ, ಭಾರತದೊಳಗೆ ನಡೆಯದ ನೋಟುಗಳನ್ನು ಹೊರಡಿಸಿದರು.

ಅದರ ಜೊತೆಗೇ ಬಂದದ್ದು ಹಜ್ ನೋಟು. ಹಜ್ ಯಾತ್ರಿಕರು ಹಡಗಿನಲ್ಲಿ ಹೋಗುತ್ತಿದ್ದ ಕಾಲ. ರೂಪಾಯಿಯನ್ನೇ ಒಯ್ದು ಅಲ್ಲಿ ರಿಯಾಲಿಗೆ ಬದಲಿಸಿಕೊಳ್ಳುತ್ತಿದ್ದರು. ಅವರಿಗಾಗಿ 10 ಮತ್ತು 100 ರೂಪಾಯಿಯ ವಿಶೇಷ ನೋಟುಗಳು. ಸಂಖ್ಯೆಯ ಮೊದಲು ಎಚ್‌ಎ ಎಂಬ ಅಕ್ಷರಗಳು, ನೋಟಿನ ಮೇಲೆ ಹಜ್ ಎಂಬ ಪದ. ಸೌದಿ ಅರೇಬಿಯದ ಹೊರಗೆ ಅದಕ್ಕೆ ಬೆಲೆಯಿಲ್ಲ. ಅಶೋಕ ಸ್ತಂಭದ ಸಿಂಹಗಳನ್ನು ಹೊತ್ತು ಮಕ್ಕಾ, ಮದೀನಾದ ಅಂಗಡಿಗಳವರೆಗೆ ಹೋಗಿಬಂದ ಆ ನೋಟು ಈಗ ನಾಣ್ಯ ಸಂಗ್ರಹಕಾರರ ಹರಾಜಿನಲ್ಲಿ ಮಾತ್ರ ಕಾಣುತ್ತದೆ. 1961ರಲ್ಲಿ ಕುವೈತ್, 1965ರಲ್ಲಿ ಬಹ್ರೇನ್ ತಮ್ಮದೇ ದಿನಾರ್ ಮಾಡಿಕೊಂಡವು. 1966ರ ಜೂನ್ 6ರಂದು ಭಾರತ ಸರ್ಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿ ಡಾಲರಿಗೆ 4.76 ಇದ್ದದ್ದನ್ನು 7.50 ಮಾಡಿದಾಗ ಉಳಿದವರೂ ಬೆಚ್ಚಿದರು. ದಿಲ್ಲಿಯಲ್ಲಿ ಯಾರೋ ತೆಗೆದುಕೊಂಡ ತೀರ್ಮಾನಕ್ಕೆ ದುಬೈಯ ವ್ಯಾಪಾರಿಯ ಪೆಟ್ಟಿಗೆಯ ಹಣ ಏಕೆ ಸವೆಯಬೇಕು? ಕತಾರ್, ದುಬೈ ಕೂಡಲೇ ಬೇರೆ ಹಣಕ್ಕೆ ಹೋದವು, 1970ರಲ್ಲಿ ಒಮಾನ್ ಕೂಡ ಹೋಯಿತು. ಭಟ್ಕಳ, ಮಂಗಳೂರು, ಉಡುಪಿಯ ತರುಣರು ಸಾಲು ಹಿಡಿದು ಕೊಲ್ಲಿಗೆ ಹೊರಟ ಕಾಲಕ್ಕೆ ಅಲ್ಲಿ ರೂಪಾಯಿಯ ಗುರುತೇ ಉಳಿದಿರಲಿಲ್ಲ. ಅವರು ದಿರ್ಹಮ್, ರಿಯಾಲ್ ದುಡಿದು ಕಳಿಸಿದರು. ಒಮ್ಮೆ ಯಾವ ಕಡಲ ದಾರಿಯಲ್ಲಿ ವಿದೇಶಿ ವಿನಿಮಯ ಸೋರುತ್ತಿತ್ತೋ ಅದೇ ದಾರಿಯಲ್ಲಿ ಅದು ತುಂಬಿ ಬರತೊಡಗಿತು.

ಮತ್ತೆ ಒಳಗಿನ ಕಥೆಗೆ ಬರೋಣ. 1949ರ ಜನವರಿ 1ರಂದು ರಿಸರ್ವ್ ಬ್ಯಾಂಕ್ ರಾಷ್ಟ್ರೀಕರಣವಾಯಿತು. 1927ರಲ್ಲಿ ಶಾಸನಸಭೆಯಲ್ಲಿ ಬೇಡಿದ್ದು ಕೈಗೆ ಬಂತು. ಆದರೆ ಅದರ ಜೊತೆಗೆ, ಸಾರ್ವಜನಿಕ ಹಿತಕ್ಕೆ ಅಗತ್ಯವೆನಿಸಿದರೆ ಗವರ್ನರರೊಂದಿಗೆ ಸಮಾಲೋಚಿಸಿ ಸರ್ಕಾರ ಬ್ಯಾಂಕಿಗೆ ನಿರ್ದೇಶನ ಕೊಡಬಹುದು ಎಂಬ 7ನೆಯ ಕಲಮೂ ಬಂತು.

ರಾಷ್ಟ್ರೀಕರಣದ ನಂತರದ ಮೊದಲ ದೊಡ್ಡ ಘರ್ಷಣೆಯ ನಾಯಕರು ನಮ್ಮ ಕರಾವಳಿಯ ಮೂಲದವರು. ಬೆನೆಗಲ್ ರಾಮರಾವ್, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗರಾಯರ ತಮ್ಮ. 1949ರ ಜುಲೈಯಿಂದ ಏಳೂವರೆ ವರ್ಷ ಗವರ್ನರ್ ಆಗಿದ್ದರು. 1956ರ ಕೊನೆಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಬ್ಯಾಂಕುಗಳ ಹುಂಡಿಗಳ ಮೇಲಿನ ಸ್ಟಾಂಪ್ ಸುಂಕ ಏರಿಸಿದರು. ಅದು ಬಡ್ಡಿದರ ಏರಿಸಿದ್ದಕ್ಕೆ ಸಮ, ಮತ್ತು ಬಡ್ಡಿದರ ಬ್ಯಾಂಕಿನ ಕೆಲಸ ಎಂದು ರಾಮರಾಯರು ಆಕ್ಷೇಪಿಸಿದರು. ರಿಸರ್ವ್ ಬ್ಯಾಂಕ್ ತನ್ನ ಖಾತೆಯ ಒಂದು ವಿಭಾಗ ಎಂಬ ಅರ್ಥದ ಮಾತು ಸಚಿವರಿಂದ ಬಂತು. ವಿಷಯ ನೆಹರೂ ಅವರವರೆಗೆ ಹೋಯಿತು. ಬ್ಯಾಂಕು ಸಲಹೆ ಕೊಡಬಹುದು, ಆದರೆ ಸರ್ಕಾರದ ನೀತಿಗೆ ಹೊಂದಿಕೊಂಡೇ ನಡೆಯಬೇಕು ಎಂಬುದು ನೆಹರೂ ನಿಲುವು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟರು. ನೆಹರೂ ಅವರಂಥ ಸಂಸ್ಥೆಗಳ ಪೋಷಕರೂ ಇಲ್ಲಿ ಸಚಿವರ ಪಕ್ಷ ವಹಿಸಿದರು ಎಂಬುದನ್ನು ಅವರ ಅಭಿಮಾನಿಗಳೂ ನೆನಪಿಡಬೇಕು. ಆ ಸಚಿವರು ಮುಂದ್ರಾ ಹಗರಣದಲ್ಲಿ ಮರುವರ್ಷವೇ ಹುದ್ದೆ ಬಿಡಬೇಕಾಯಿತೆಂಬುದು ಬೇರೆ ಮಾತು.

ಈ ಜಗಳ ಪತ್ರಿಕೆಗಳಲ್ಲಿ ಬಂತು. ಇದಕ್ಕಿಂತ ದೊಡ್ಡ ಶರಣಾಗತಿ ಸದ್ದಿಲ್ಲದೆ ಆಗಿಹೋಗಿತ್ತು. 1955ರಲ್ಲಿ ಒಂದು ಏರ್ಪಾಡಾಯಿತು. ಪ್ರತಿ ಶುಕ್ರವಾರ ಸಂಜೆ ಸರ್ಕಾರದ ಖಾತೆಯಲ್ಲಿ 50 ಕೋಟಿ ರೂಪಾಯಿ ಇರಬೇಕು. ಕಡಿಮೆ ಬಿದ್ದರೆ ಸರ್ಕಾರದ ಹೆಸರಿನಲ್ಲಿ ತಾತ್ಕಾಲಿಕ ಸಾಲಪತ್ರ ಬರೆದು ರಿಸರ್ವ್ ಬ್ಯಾಂಕೇ ಹಣ ತುಂಬಿಬಿಡಬೇಕು. ಯಾರನ್ನೂ ಕೇಳಬೇಕಾಗಿಲ್ಲ, ಮಿತಿಯೂ ಇಲ್ಲ. ತಾತ್ಕಾಲಿಕ ಎಂದು ಹುಟ್ಟಿದ ಈ ಪದ್ಧತಿ 42 ವರ್ಷ ನಡೆಯಿತು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಯುದ್ಧ, ಬರ, ಚುನಾವಣೆ ಎಲ್ಲಕ್ಕೂ ಈ ಕೊಳವೆಯಿಂದ ಹಣ ಬಂತು. ಎಲ್ಲವೂ ದುಂದು ಎನ್ನಲಾಗದು, ಬಡ ದೇಶ ಕಟ್ಟಬೇಕಾದ್ದು ಬಹಳವಿತ್ತು. ಆದರೆ ಯಾವ ಶಾಸನಸಭೆಯ ಮತವೂ ಇಲ್ಲದೆ ವಿಧಿಸುವ ತೆರಿಗೆಯೇ ಹಣದುಬ್ಬರ. ಅದನ್ನು ಹೆಚ್ಚು ಕಟ್ಟುವವರು ಬಡವರು. ಸಿ. ರಂಗರಾಜನ್ ಗವರ್ನರ್ ಆಗಿದ್ದಾಗ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಿಂದ 1997ರ ಏಪ್ರಿಲಿನಲ್ಲಿ ಇದು ನಿಂತಿತು.

ಅಷ್ಟರೊಳಗೆ 1991 ಬಂದು ಹೋಗಿತ್ತು. ವಿದೇಶಿ ಹಣ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಉಳಿದಾಗ, ಮೊದಲು ಸರ್ಕಾರದ ಬಳಿಯಿದ್ದ 20 ಟನ್ ಚಿನ್ನ, ಆಮೇಲೆ ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಕೋಣೆಯಿಂದ ಸುಮಾರು 47 ಟನ್ ಚಿನ್ನ ವಿಮಾನ ಹತ್ತಿ ಹೋಯಿತು. ಹೆಂಡತಿಯ ಕೊರಳ ಸರ ಅಡವಿಟ್ಟ ಗಂಡನ ಅವಮಾನ ಏನೆಂದು ಬಲ್ಲ ದೇಶಕ್ಕೆ ಇದು ಚೆನ್ನಾಗಿ ಅರ್ಥವಾಯಿತು. ವರ್ಷ ಮುಗಿಯುವುದರೊಳಗೆ ಅದನ್ನು ಬಿಡಿಸಿಕೊಂಡೆವು.

ಸಾಮಾನ್ಯ ಠೇವಣಿದಾರನ ವಿಷಯದಲ್ಲಿ ಬ್ಯಾಂಕಿನ ದಾಖಲೆ ಮಿಶ್ರವಾದದ್ದು. 1938ರಲ್ಲಿ ತಿರುವಾಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಮುಳುಗಿದಾಗ ಹೊಸ ರಿಸರ್ವ್ ಬ್ಯಾಂಕ್ ಕೈಕಟ್ಟಿ ಕುಳಿತಿತೆಂಬ ಟೀಕೆ ಬಂತು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕನ್ನು ಮುಚ್ಚಲು ಅದೇ ನ್ಯಾಯಾಲಯಕ್ಕೆ ಹೋಯಿತು. ಠೇವಣಿದಾರರು ಬೀದಿಗೆ ಬಿದ್ದರು. ಆ ಆಘಾತದಿಂದಲೇ 1962ರಲ್ಲಿ ಠೇವಣಿ ವಿಮೆ ಬಂತು. ಮೊದಲು ತಲಾ 1,500 ರೂಪಾಯಿವರೆಗೆ ಇದ್ದ ರಕ್ಷಣೆ 2020ರಲ್ಲಿ 5 ಲಕ್ಷಕ್ಕೇರಿತು. ಬಡ್ಡಿಯನ್ನು ಒಲ್ಲದೆ ಬ್ಯಾಂಕಿನಿಂದ ದೂರ ಉಳಿಯುವ ಮುಸ್ಲಿಮರಿಗೆ ಈ ರಕ್ಷಣೆಯೂ ದೂರವೇ ಉಳಿಯಿತು. ಸಾಮಾನ್ಯ ಬ್ಯಾಂಕುಗಳಲ್ಲೇ ಬಡ್ಡಿರಹಿತ ವಿಭಾಗ ತೆರೆಯಬಹುದೆಂದು 2015ರಲ್ಲಿ ರಿಸರ್ವ್ ಬ್ಯಾಂಕಿನದೇ ಒಂದು ಸಮಿತಿ ಹೇಳಿತು. 2017ರಲ್ಲಿ ಆ ಪ್ರಸ್ತಾವವನ್ನು ಕೈಬಿಡಲಾಯಿತು. ಹಲಾಲ್ ಲಾಭದ ಆಸೆ ತೋರಿಸಿ ಬೆಂಗಳೂರಿನಲ್ಲಿ ಸಾವಿರಾರು ಕುಟುಂಬಗಳ ಉಳಿತಾಯ ನುಂಗಿದ ಸಂಸ್ಥೆ ಕುಸಿದದ್ದು ಅದಾದ ಎರಡು ವರ್ಷಕ್ಕೆ, 2019ರಲ್ಲಿ.

2016ರ ನವೆಂಬರ್ 8ರ ರಾತ್ರಿಯನ್ನು ಯಾರಿಗೂ ನೆನಪಿಸಬೇಕಾಗಿಲ್ಲ. ಚಲಾವಣೆಯ ಹಣದಲ್ಲಿ ಮೌಲ್ಯದ ಲೆಕ್ಕಕ್ಕೆ ನೂರಕ್ಕೆ 86ರಷ್ಟಿದ್ದ 500, 1,000ದ ನೋಟುಗಳು ರದ್ದಾದವು. ನೋಟಿನ ಮೇಲೆ ವಚನ ಕೊಟ್ಟ ಬ್ಯಾಂಕಿನ ಪಾತ್ರ ಏನಿತ್ತು? ಕಾಯಿದೆಯ 26ನೆಯ ಕಲಮಿನ ಪ್ರಕಾರ ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಬೇಕು, ಅದರ ಮೇಲೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ನಡೆದದ್ದು ಹೀಗೆ: ನವೆಂಬರ್ 7ರಂದು ಸರ್ಕಾರದಿಂದ ಬ್ಯಾಂಕಿಗೆ ಪತ್ರ ಬಂತು, 8ರ ಸಂಜೆ ಮಂಡಳಿ ಸಭೆ ಸೇರಿ ಶಿಫಾರಸು ಮಾಡಿತು, ರಾತ್ರಿ 8 ಗಂಟೆಗೆ ಪ್ರಧಾನಿ ದೂರದರ್ಶನದಲ್ಲಿ ಘೋಷಿಸಿದರು. ಕಪ್ಪು ಹಣ ಹೆಚ್ಚಾಗಿ ನೋಟಿನ ರೂಪದಲ್ಲಿಲ್ಲ, ಚಿನ್ನ ಮತ್ತು ಆಸ್ತಿಯಲ್ಲಿದೆ ಎಂಬ ಮಾತು ಅದೇ ಸಭೆಯ ನಡಾವಳಿಯಲ್ಲಿ ದಾಖಲಾಗಿತ್ತೆಂಬುದು ಮಾಹಿತಿ ಹಕ್ಕಿನ ಮೂಲಕ ಮುಂದೆ ಹೊರಬಂತು. ರದ್ದಾದ 15.41 ಲಕ್ಷ ಕೋಟಿಯಲ್ಲಿ 15.31 ಲಕ್ಷ ಕೋಟಿ ಬ್ಯಾಂಕಿಗೆ ವಾಪಸು ಬಂತೆಂದು ರಿಸರ್ವ್ ಬ್ಯಾಂಕೇ 2018ರಲ್ಲಿ ಲೆಕ್ಕ ಕೊಟ್ಟಿತು.

1946 ಮತ್ತು 1978ರಲ್ಲೂ ದೊಡ್ಡ ನೋಟುಗಳನ್ನು ರದ್ದು ಮಾಡಲಾಗಿತ್ತು. ಆದರೆ ಎರಡೂ ಸಲ ಸುಗ್ರೀವಾಜ್ಞೆಯ ಮೂಲಕ. ಹೊಣೆ ನೇರವಾಗಿ ಸರ್ಕಾರದ್ದು. 2023ರ ಜನವರಿ 2ರಂದು ಸುಪ್ರೀಂ ಕೋರ್ಟು 4-1 ಬಹುಮತದಿಂದ 2016ರ ಕ್ರಮವನ್ನು ಎತ್ತಿಹಿಡಿಯಿತು. ಭಿನ್ನಮತದ ತೀರ್ಪು ಬರೆದವರು ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪ್ರಸ್ತಾವ ಹುಟ್ಟಬೇಕಾದದ್ದು ಬ್ಯಾಂಕಿನಲ್ಲಿ, ಹುಟ್ಟಿದ್ದು ಸರ್ಕಾರದಲ್ಲಿ. ಸರ್ಕಾರಕ್ಕೆ ಬೇಕಿದ್ದರೆ ಸಂಸತ್ತಿನ ಕಾನೂನು ಅಥವಾ ಸುಗ್ರೀವಾಜ್ಞೆಯ ದಾರಿ ಹಿಡಿಯಬೇಕಿತ್ತು. ಬ್ಯಾಂಕು ಇಲ್ಲಿ ಸ್ವತಂತ್ರವಾಗಿ ವಿವೇಚನೆ ಮಾಡಿದಂತೆ ಕಾಣುವುದಿಲ್ಲ ಎಂಬುದು ಅವರ ಅಭಿಪ್ರಾಯದ ತಿರುಳು. ಬಹುಮತದ ತೀರ್ಪೇ ಕಾನೂನು, ನಿಜ. ಆದರೆ ಸಹಿ ಯಾರದು, ತೀರ್ಮಾನ ಯಾರದು ಎಂಬ ಹಳೆಯ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಬರಹ ಬೇರೊಂದಿಲ್ಲ ಎಂದೇ ನನ್ನ ಭಾವನೆ.

2018ರಲ್ಲಿ ಬ್ಯಾಂಕಿನ ಮೀಸಲು ನಿಧಿಯಲ್ಲಿ ಎಷ್ಟು ಪಾಲು ಸರ್ಕಾರಕ್ಕೆ ಸೇರಬೇಕು ಎಂಬ ಜಗಳವೆದ್ದಿತು. 7ನೆಯ ಕಲಮಿನ ಹೆಸರು ಮತ್ತೆ ಕೇಳಿಬಂತು. ಡಿಸೆಂಬರ್ 10ರಂದು ಗವರ್ನರ್ ಊರ್ಜಿತ್ ಪಟೇಲ್ ವೈಯಕ್ತಿಕ ಕಾರಣ ಎಂದು ಬರೆದು ರಾಜೀನಾಮೆ ಕೊಟ್ಟರು. ಅವರ ನಂತರ ಬಂದ ಶಕ್ತಿಕಾಂತ ದಾಸ್, ಅವರ ನಂತರ 2024ರ ಡಿಸೆಂಬರಿನಲ್ಲಿ ಬಂದ ಸಂಜಯ್ ಮಲ್ಹೋತ್ರಾ ಇಬ್ಬರೂ ಹಣಕಾಸು ಸಚಿವಾಲಯದಲ್ಲಿ ಕಾರ್ಯದರ್ಶಿಗಳಾಗಿದ್ದವರು. 2019ರಲ್ಲಿ ಬ್ಯಾಂಕು ಸರ್ಕಾರಕ್ಕೆ 1,76,051 ಕೋಟಿ ರೂಪಾಯಿ ವರ್ಗಾಯಿಸಿತು. 2025ರಲ್ಲಿ ಆ ಮೊತ್ತ 2,68,590 ಕೋಟಿ.

ಇನ್ನೊಂದು ಕಡೆ, ಬೆಲೆಯೇರಿಕೆ ನೂರಕ್ಕೆ 4ರ ಆಸುಪಾಸಿನಲ್ಲಿರಬೇಕು, 6 ದಾಟಬಾರದು ಎಂಬ ಗುರಿಯನ್ನು 2016ರಲ್ಲಿ ಕಾನೂನಿನ ಅಡಿಯಲ್ಲಿ ನಿಗದಿ ಮಾಡಿದರು. ಬಡ್ಡಿದರ ತೀರ್ಮಾನಿಸಲು ಆರು ಜನರ ಸಮಿತಿ ಬಂತು, ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು, ಸಮ ಬಂದರೆ ಗವರ್ನರರ ಹೆಚ್ಚುವರಿ ಮತ. ಮೂರು ತ್ರೈಮಾಸಿಕ ಸತತವಾಗಿ ಗುರಿ ತಪ್ಪಿದರೆ ಕಾರಣವನ್ನು ಬರೆದು ತಿಳಿಸಬೇಕು. 2022ರಲ್ಲಿ ಹಾಗೆ ಗುರಿ ತಪ್ಪಿತು. ಅಡುಗೆ ಎಣ್ಣೆ, ಗೋಧಿ, ತರಕಾರಿಯ ಬೆಲೆ ಆ ವರ್ಷ ಎಲ್ಲಿ ಹೋಗಿತ್ತೆಂದು ಮನೆ ನಡೆಸುವವರಿಗೆ ಗೊತ್ತು. ನವೆಂಬರಿನಲ್ಲಿ ಸಮಿತಿ ವಿಶೇಷ ಸಭೆ ಸೇರಿತು, ಕಾರಣಗಳ ಪತ್ರ ಸಿದ್ಧವಾಯಿತು. ಕಾನೂನಿನ ಪ್ರಕಾರ ಅದು ಸರ್ಕಾರಕ್ಕೆ ಬರೆಯಬೇಕಾದ ಪತ್ರ, ನೋಟು ಹಿಡಿದವರಿಗಲ್ಲ. ಹಾಗೆಯೇ ದಿಲ್ಲಿಗೆ ಹೋಯಿತು. ಸಾರ್ವಜನಿಕರ ಮುಂದೆ ಅದನ್ನು ಇಡಲಿಲ್ಲ.